ಹಸಿದ ಖೋಲಿಗೊಂದು ಕೌದಿ

ಹೋದ ತಿಂಗಳು ಬೈಲಹೊಂಗಲದಲ್ಲಿ ನಮಗೊಂದು ದಿನದ ತರಬೇತಿ ಇತ್ತು. ವಿಷಯ, ಕಡಿಮೆ ಖರ್ಚಿನಲ್ಲಿ ಅಂದವಾದ ತರಗತಿ. ಲ್ಯಾಪ್‌ಟಾಪು ಹಿಡಿದು ಬಂದಿದ್ದ ಹುಡುಗ ಪರದೆಯ ಮೇಲೆ ಒಂದೊಂದೇ ಚಿತ್ರ ಬಿಡುತ್ತ ಹೋದ. ನೆಲಕ್ಕೆ ಉಣ್ಣೆಯ ಜಮಖಾನ, ಮೂಲೆಯಲ್ಲಿ ಆಳೆತ್ತರದ ಮೆತ್ತನೆಯ ದಿಂಬು, ಗೋಡೆಗುಂಟ ಮಿಣಮಿಣ ದೀಪದ ಸರ, ಬಿಳಿ ಕುಂಡದಲ್ಲಿ ಒಂದು ಗಿಡ, ಆ ಗಿಡಕ್ಕೂ ಕೊರಳಲ್ಲಿ ಒಂದು ಹೆಸರಿನ ಚೀಟಿ. ನನ್ನ ಪಕ್ಕ ಕುಳಿತಿದ್ದ ರಾಮದುರ್ಗ ಕಡೆಯ ಶಿಕ್ಷಕಿ ಮೆಲ್ಲಗೆ ಬಾಗಿ, “ಇದು ಸಾಲಿ ಏನ್ರಿ, ಲಾಡ್ಜ್ ಏನ್ರಿ? ಆ ಗಾದಿ ಮ್ಯಾಲ ಕುಂತ್ರ ಹುಡುಗ್ರಕಿಂತ ಮೊದಲ ನಾನ ನಿದ್ದಿ ಹೊಡೀತೇನಿ ನೋಡ್ರಿ” ಅಂದರು. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವರೇ ಡಬ್ಬಿ ಬಿಚ್ಚಿದರು. ಶೇಂಗಾ ಹೋಳಿಗೆ! ಹುರಿದ ಶೇಂಗಾ, ಬೆಲ್ಲ, ಯಾಲಕ್ಕಿ, ಮೇಲೊಂದಿಷ್ಟು ತುಪ್ಪ. ಆ ವಾಸನೆ ಮೂಗಿಗೆ ಬಡಿಯಿತೋ ಇಲ್ಲವೋ, ನಾನು ಆ ಸಭಾಂಗಣದಲ್ಲಿ ಇರಲೇ ಇಲ್ಲ. ನನ್ನ ಮೊದಲ ಪೋಸ್ಟಿಂಗಿನ ಆ ಮಳೆಗಾಲಕ್ಕೆ, ಆ ಶಾಲೆಯ ಹಿಂದಿನ ಮೂಲೆಯ ಖೋಲಿಗೆ ಹೋಗಿಬಿಟ್ಟಿದ್ದೆ. ಯಪ್ಪಾ, ಏನು ವರ್ಷ ಅದು!

ನಾನು ಮುನವಳ್ಳಿಯವಳು. ಮದುವೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ, ನಮ್ಮವರು ರಾಮದುರ್ಗದಲ್ಲಿ ನೌಕರಿ, ನನಗೆ ಸಿಕ್ಕಿದ್ದು ಕಿತ್ತೂರು ಸೀಮೆಯ ಒಂದು ಹಳ್ಳಿಯ ಸರಕಾರಿ ಶಾಲೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಅಲ್ಲಿಂದ ದಿನಾ ಟಂಟಂ ರಿಕ್ಷಾ ಹತ್ತಿ ಹೋಗುತ್ತಿದ್ದೆ. ಎಡಕ್ಕೂ ಕಬ್ಬು, ಬಲಕ್ಕೂ ಕಬ್ಬು, ನಡುವೆ ಕೆಸರಿನ ದಾರಿ. ಟಂಟಂ ತಗ್ಗಿನಲ್ಲಿ ಇಳಿದಾಗಲೆಲ್ಲ ನನ್ನ ತಲೆ ಮೇಲಿನ ಕಬ್ಬಿಣಕ್ಕೆ ಬಡಿಯುತ್ತಿತ್ತು. ಆದರೂ ನನಗೆ ಹಿಗ್ಗೋ ಹಿಗ್ಗು. ನನಗೆ ಒಂದನೇ ತರಗತಿ ಕೊಟ್ಟಿದ್ದರು. ಸ್ವಂತ ಮಕ್ಕಳು, ಸ್ವಂತ ಹಾಜರಿ, ಸ್ವಂತ ಕೋಲಿಲ್ಲದ ರಾಜ್ಯ!

ರಾಜ್ಯ ಇತ್ತು, ಅರಮನೆ ಇರಲಿಲ್ಲ. ಒಂದನೇ ತರಗತಿ ನಡೆಯುತ್ತಿದ್ದದ್ದು ಶಾಲೆಯ ಪಡಸಾಲೆಯಲ್ಲಿ. ಮಳೆ ಸುರುವಾದರೆ ಇರಚಲು ಹೊಡೆದು ಮಕ್ಕಳ ಪಾಟಿಯ ಮೇಲಿನ ಅಕ್ಷರ ತಾನೇ ಅಳಿಸಿ ಹೋಗುತ್ತಿತ್ತು. ಹಾಗಂತ ದೊಡ್ಡ ಮಕ್ಕಳ ಹಾಲ್‌ನಲ್ಲಿ ಕೂರಿಸಿದರೆ, ಅಲ್ಲಿ ಮಗ್ಗಿ ಹೇಳುವ ಗದ್ದಲಕ್ಕೆ ನನ್ನ ಚಿಳ್ಳೆಪಿಳ್ಳೆಗಳು ಬಾಯಿ ಮುಚ್ಚಿಕೊಂಡು, ಫೋಟೋ ತೆಗೆಸಿಕೊಳ್ಳಲು ಕುಂತವರ ಹಾಗೆ ಕುಂತುಬಿಡುತ್ತಿದ್ದವು. ರೇಣುಕಾ ಅನ್ನುವ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ಇಡೀ ದಿನ ಕಳೆದದ್ದನ್ನು ನೋಡಿ ನನಗೆ ತಡೆಯಲಿಲ್ಲ. ಸೀದಾ ಹೆಡ್ ಮಾಸ್ತರ ಹೊಸಮನಿ ಸರ್ ಮುಂದೆ ಹೋಗಿ ನಿಂತೆ.

“ಸರ್, ಹಿಂದಿನ ಮೂಲಿ ಖೋಲಿ ಖಾಲಿ ಐತೆಲ್ರಿ?”

ಬಿಸಿಯೂಟದ ಅಕ್ಕಿ ಚೀಲ ಇಡುತ್ತಿದ್ದ ಕೋಣೆ ಅದು. ಹೊಸ ಅಡುಗೆಮನೆ ಕಟ್ಟಿದ ಮೇಲೆ ಚೀಲಗಳನ್ನು ಅಲ್ಲಿಗೆ ಸಾಗಿಸಿದ್ದರು. ಹೊಸಮನಿ ಸರ್ ಕೆಟ್ಟವರಲ್ಲ, ಆದರೆ ಅಕ್ಕಿಯ ಚಿಂತೆ ಅವರನ್ನು ತಿನ್ನುತ್ತಿತ್ತು. ಹೊಸ ಅಡುಗೆಮನೆ ಒಂದು ಮೂಲೆಯಲ್ಲಿ ಸೋರುತ್ತಿತ್ತು.

“ನೋಡ್ರಿ ಟೀಚರ, ಖೋಲಿ ಕೊಡತೇನಿ, ಇಲ್ಲ ಅನ್ನೂದಿಲ್ಲ. ಆದ್ರ ರೊಕ್ಕ ಕೇಳಬ್ಯಾಡ್ರಿ. ನಾಗರ ಪಂಚಮಿ ಸೂಟಿ ಬಿಡೂದ್ರಾಗ ನಿಮ್ಮ ಹುಡುಗ್ರು ಒಳಗ ಹೋಗಿ ಕುಂತ್ರ ಖೋಲಿ ನಿಮ್ದು. ಕುಂದರಲಿಲ್ಲಂದ್ರ ಅಕ್ಕಿ ಚೀಲ ಒಳಗ, ನಿಮ್ಮ ಹುಡುಗ್ರು ಹಾಲ್‌ನ್ಯಾಗ. ಆಮ್ಯಾಲ ನನ್ನ ಮ್ಯಾಲ ಸಿಟ್ಟ ಆಗಬಾರ್ದು.”

“ಕುಂದರಲಾರದ ಏನ ಮಾಡತಾವ್ರಿ ಸರ್? ಖೋಲಿ ಕೊಟ್ರ ಸಾಕು!” ಅಂದೆ. ಅವರು ಕನ್ನಡಕ ಹಣೆಗೇರಿಸಿ ನನ್ನ ಮುಖ ನೋಡಿದರು. ಯಾಕೆ ಹಾಗೆ ನೋಡಿದರು ಅಂತ ಮರುದಿನ ತಿಳಿಯಿತು.

ಮಕ್ಕಳ ಸಾಲು ಕಟ್ಟಿಸಿ ಕರೆದುಕೊಂಡು ಹೊರಟೆ. ಖೋಲಿಯ ಬಾಗಿಲು ಕಂಡಿದ್ದೇ ತಡ, ಸಾಲು ನಿಂತೇ ಹೋಯಿತು. ಮುಂದಿದ್ದ ರೇಣುಕಾ ನನ್ನ ಸೀರೆಯ ನೆರಿಗೆ ಹಿಡಿದುಕೊಂಡಳು.

“ಅಕ್ಕೋರ, ಆ ಖೋಲಿ ತಿಂತೈತ್ರಿ.”

“ಏನ ತಿಂತೈತಿ?”

“ಅಕ್ಕಿ ತಿಂತಿತ್ರಿ. ಕರಂ ಕರಂ ಅಂತ ಸಪ್ಪಳಾ ಕೇಳಿಸ್ತಿತ್ತು. ಈಗ ಅಕ್ಕಿ ತಗದಾರಲ್ರಿ. ಹೊಟ್ಟಿ ಹಸದೈತಿ ಅದರದು. ಇನ್ನ ನಮ್ಮನ್ನ ತಿಂತೈತಿ.”

ಹಿಂದಿನಿಂದ ಎಲ್ಲ ಮಕ್ಕಳೂ ತಲೆ ಹಾಕಿದವು. ದೊಡ್ಡ ತರಗತಿಯ ಯಾರೋ ಪುಣ್ಯಾತ್ಮರು ಈ ಕಥೆಗೆ ಉಪ್ಪು ಖಾರ ಹಚ್ಚಿ ಬಿಟ್ಟಿದ್ದರು. ನಾನು ನಕ್ಕೆ. ಅವು ಇಲಿಗಳ್ರೋ, ಅಕ್ಕಿ ಚೀಲ ಕಡೀತಿದ್ದವು ಅಂತ ವಿವರಿಸಿದೆ. ಬಾಯಿ ಮಾತು ಸಾಲದು ಅಂತ ಬೋನು ತಂದಿಟ್ಟು, ಮರುದಿನ ಸಿಕ್ಕಿಬಿದ್ದ ಒಂದು ಸತ್ತ ಇಲಿಯನ್ನು ಹೊರಗೆ ತಂದು ತೋರಿಸಿದೆ. ಅಯ್ಯೋ ನನ್ನ ಬುದ್ಧಿಯೇ! ಮಕ್ಕಳು ಚಿಟ್ಟನೆ ಚೀರಿ ಓಡಿದವು. “ಇಲಿನೂ ತಿಂದೈತಿ! ಇಲಿನೂ ತಿಂದೈತಿ!”

ಆಯ್ತು, ಹೆದರಿಕೆ ಕತ್ತಲೆಯಿಂದ ಬಂದದ್ದು, ಕತ್ತಲೆ ಹೋದರೆ ಹೆದರಿಕೆ ಹೋಗುತ್ತದೆ ಅಂದುಕೊಂಡೆ. ಮೈಯಲ್ಲಿ ಹುರುಪು ಹೊಕ್ಕಿತು. ಬಿಸಿಯೂಟದ ಗಂಗವ್ವ ಅಡುಗೆ ಕೆಲಸ ಮುಗಿಸಿ ಸೆರಗು ಬಿಗಿದು ನನ್ನ ಜೊತೆ ನಿಂತಳು. ಕಿಟಕಿಗೆ ಹೊಡೆದಿದ್ದ ತಗಡು ಕಿತ್ತೆವು. ಜೇಡದ ಬಲೆ ಬಡಿದು ಬಡಿದು ಇಬ್ಬರೂ ಮುದುಕಿಯರ ಹಾಗೆ ತಲೆ ಬೆಳ್ಳಗೆ ಮಾಡಿಕೊಂಡೆವು. ಊರಲ್ಲಿ ಯಾರದೋ ಮನೆ ಬಣ್ಣ ಬಳಿದು ಉಳಿದಿದ್ದ ಸುಣ್ಣ ತಂದೆವು. ಬಿಳಿ ಚೆನ್ನಾಗಿ ಎದ್ದು ಕಾಣಲಿ ಅಂತ ಬಟ್ಟೆಗೆ ಹಾಕುವ ನೀಲಿ ಬೆರೆಸಲು ಹೇಳಿದ್ದೆ. ಗಂಗವ್ವ ಇಡೀ ಬಾಟಲಿ ಸುರಿದಳು. ಗೋಡೆ ಬಿಳಿಯಾಗುವ ಬದಲು ಆಕಾಶವಾಯಿತು! ನಾವಿಬ್ಬರೂ ಬಾಗಿಲಲ್ಲಿ ನಿಂತು ನೋಡಿದೆವು.

“ಛಲೋನ ಆತ ಬಿಡ್ರಿ ಅಕ್ಕೋರ,” ಅಂದಳು ಗಂಗವ್ವ, “ಮ್ಯಾಲ ಎರಡ ಗಿಳಿ ಬರದ್ರ ಆತು.”

ಗಿಳಿ ಬರೆದೆವು. ಸೂರಿಗೆ ಬೆಳಕು ಬೇಕಿತ್ತು. ನಮ್ಮವರಿಗೆ ಫೋನು ಮಾಡಿ ಗಾಜಿನ ಹಂಚು ಬೇಕು ಅಂದೆ. ಪಾಪ, ಆ ಮನುಷ್ಯ ರವಿವಾರ ಬೈಕಿನ ಮೇಲೆ ಬಂದರು, ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ. ರೇನ್‌ಕೋಟು ಅವರ ಮೈಮೇಲೆ ಇರಲಿಲ್ಲ, ಹಂಚಿಗೆ ಸುತ್ತಿದ್ದರು. “ನಾ ಒಡದ್ರ ರಿಪೇರಿ ಆಗತೇನಿ, ಇದು ಆಗೂದಿಲ್ಲ” ಅಂತ ನಗುತ್ತಾ ಸೀನಿದರು. ಹಳೆಯ ಹಂಚು ಸರಿಸಿ ಗಾಜಿನದನ್ನು ಕೂಡಿಸಿದೊಡನೆ ಖೋಲಿಯ ನಡುಮಧ್ಯೆ ಬೆಳಕು ಧೊಪ್ಪನೆ ಬಿದ್ದಿತು. ನನಗೆ ಕುಣಿಯುವಂತಾಯಿತು, ಕುಣಿದೂಬಿಟ್ಟೆ.

ಆಮೇಲೆ ಸಿಂಗಾರದ ಹುಚ್ಚು. ಆ ಊರಲ್ಲಿ ಲಗ್ನಪತ್ರಿಕೆ ಇಲ್ಲದ ಮನೆಯೇ ಇಲ್ಲ, ಚೀಲಗಟ್ಟಲೆ ಸಿಕ್ಕವು. ಅವುಗಳ ಬಂಗಾರದ ಗಣಪತಿಯನ್ನು ಕತ್ತರಿಸಿ ಸಾಲು ಮಾಡಿದೆ, ಕೆಂಪು ರಟ್ಟಿನಲ್ಲಿ ಅ ಆ ಇ ಈ ಕೊರೆದೆ. ತಿರುಗಿಸಿ ನೋಡಿದರೆ ಅಕ್ಷರದ ಬೆನ್ನಿಗೆ ಯಾರದೋ ಮುಹೂರ್ತ. ಒಡೆದ ಬಳೆಗಳನ್ನು ದಾರಕ್ಕೆ ಪೋಣಿಸಿ ಕಿಟಕಿಗೆ ಕಟ್ಟಿದೆ, ಗಾಳಿ ಬಂದಾಗ ಕಿಣಿಕಿಣಿ. ಬಣ್ಣದ ಡಬ್ಬಿಗಳಲ್ಲಿ ಬಳಪ, ತೆಂಗಿನ ಚಿಪ್ಪಿನಲ್ಲಿ ಹುಣಸೆ ಬೀಜ. ಈ ಗೋಡೆಯಿಂದ ಆ ಗೋಡೆಗೆ ಬಣ್ಣದ ಕಾಗದದ ಪರಪರಿ ತೋರಣ. ಕೆಲಸ ಮುಗಿದ ದಿನ ಎದೆ ಉಬ್ಬಿಸಿಕೊಂಡು ಮಕ್ಕಳನ್ನು ಕರೆದೆ.

ಬಂದವು. ಹೊಸ್ತಿಲ ಹೊರಗೆ ಗುಂಪಾಗಿ ನಿಂತು, ಬಾಯಿ ತೆರೆದು ನೋಡಿದವು.

“ಭಾಳ ಛಂದ ಆಗೇತ್ರಿ ಅಕ್ಕೋರ!” ಅಂದಳು ರೇಣುಕಾ.

“ಹಂಗಾರ ಬರ್ರಿ ಒಳಗ.”

“ಛಂದ ಆಗೇತ್ರಿ. ಆದ್ರ ಹೊಟ್ಟಿ ಹಸದೈತೆಲ್ರಿ?”

ಎಲ್ಲವೂ ಸುಮ್ಮನೆ ತಿರುಗಿ ಪಡಸಾಲೆಗೆ ಹೋಗಿ, ಇರಚಲು ಹೊಡೆಯುವ ಜಾಗದಲ್ಲೇ ಕುಳಿತವು. ಸಿಟ್ಟು ನೆತ್ತಿಗೇರಿತು ನನಗೆ. ಒಬ್ಬಳೇ ಖೋಲಿಯೊಳಗೆ ಕುಳಿತು ಅತ್ತೂಬಿಟ್ಟೆ. ಪಂಚಮಿ ಹತ್ತಿರ ಬರುತ್ತಿತ್ತು. ಅಡುಗೆಮನೆಯಲ್ಲಿ ಅಕ್ಕಿ ಚೀಲದ ಪಕ್ಕ ಹೊಸಮನಿ ಸರ್ ದಿನಾ ಬಂದು ನಿಂತು, ಹಸಿಯಾದ ಮೂಲೆಯನ್ನು ಮುಟ್ಟಿ ನೋಡಿ, ನನ್ನ ಕಡೆ ಒಂದು ಸಲ ನೋಡಿ ಹೋಗುತ್ತಿದ್ದರು.

ಮರುದಿನ ರೇಣುಕಾಳನ್ನು ಮುದ್ದು ಮಾಡಿ ಸೊಂಟದ ಮೇಲೆ ಎತ್ತಿಕೊಂಡು ಒಳಗೆ ಕರೆದೊಯ್ದೆ. ಕೆಳಗಿಳಿಸಿದೊಡನೆ ಬರಿಗಾಲು ನೆಲದ ಫರಸಿಗೆ ತಾಗಿ ಹುಡುಗಿ ಹೌಹಾರಿ ಜಿಗಿದು ಹೊರಗೆ ಓಡಿದಳು. ಮಳೆಗಾಲದ ಕಲ್ಲು, ಕೊರೆಯುವ ತಂಪು. ಆಗ ಹೊಳೆಯಿತು. ಗೋಡೆಗೆ ಆಕಾಶ ಬಳಿದೆ, ಸೂರಿಗೆ ಬೆಳಕು ತಂದೆ, ಮಕ್ಕಳು ಕೂರುವ ನೆಲವನ್ನೇ ಮರೆತಿದ್ದೆ! ಮನೆಯಲ್ಲಿ ಮಕ್ಕಳು ಎಂಥ ಹೆದರಿಕೆ ಬಂದರೂ ಹೊದೆಯುವ ಕೌದಿಯೊಳಗೆ ಹೊಕ್ಕರೆ ಮುಗಿಯಿತು. ಖೋಲಿಯ ಉದ್ದಗಲಕ್ಕೂ ಒಂದು ದೊಡ್ಡ ಕೌದಿ ಹೊಲಿಸಬೇಕು ಅನ್ನಿಸಿತು.

ಕೌದಿಗೆ ಬೇಕಾದದ್ದು ಹಳೆಯ ಸೀರೆ. ಸಂಜೆ ಶಾಲೆ ಬಿಡುವಾಗ ಎಲ್ಲ ಮಕ್ಕಳಿಗೂ ಹೇಳಿದೆ, “ಮನ್ಯಾಗ ಮೆತ್ತನ್ನ ಹಳೇ ಸೀರಿ ಇದ್ರ ಅಕ್ಕೋರಿಗೆ ಬೇಕಂತ ಹೇಳ್ರಿ. ಸಣ್ಣವರಿಗೆ ಹಾಸಾಕ.”

ಮುನವಳ್ಳಿಯಲ್ಲಿ ಹುಟ್ಟಿ ಬೆಳೆದವಳು ಆಡುವ ಮಾತೇ ಇದು? ನಮ್ಮ ಕಡೆ ಮದುವೆಯಾದ ಹೆಣ್ಣುಮಗಳು ಊರಲ್ಲಿ ಮೆತ್ತನೆಯ ಹಳೆಯ ಸೀರೆ ಕೇಳಿದಳೆಂದರೆ ಅರ್ಥ ಒಂದೇ. ಹುಟ್ಟುವ ಕೂಸಿಗೆ ಕೌದಿ ಹೊಲಿಯಬೇಕು, ಅಷ್ಟೇ. ನನಗೆ ಆ ಹೊತ್ತಿಗೆ ತಲೆಯಲ್ಲಿ ಇದ್ದದ್ದು ಫರಸಿ ಮಾತ್ರ.

ಸೀರೆಗಳು ಬಂದವು ನೋಡಿ! ಒಂದೊಂದು ಮನೆಯಿಂದ ಒಂದೊಂದು, ತೊಳೆದು, ಮಡಿಚಿ, ಕೆಲವಕ್ಕೆ ಅರಿಸಿನ ಕುಂಕುಮ ಹಚ್ಚಿ. ಕುಂಕುಮ ಯಾಕಪ್ಪಾ ಅನ್ನಿಸಿತು, ಒಳ್ಳೆಯ ಕೆಲಸಕ್ಕೆ ಹಚ್ಚಿರಬೇಕು ಅಂದುಕೊಂಡೆ. ಗಂಗವ್ವ ಅನ್ನ ಬಸಿಯುತ್ತ, ನಗು ನುಂಗಿಕೊಂಡು ಕೇಳಿದಳು.

“ಎಷ್ಟ ತಿಂಗಳಾತ್ರಿ ಅಕ್ಕೋರ?”

ನೌಕರಿಗೆ ಸೇರಿದ್ದನ್ನು ಕೇಳುತ್ತಿದ್ದಾಳೆ ಅಂದುಕೊಂಡೆ. “ಎರಡ ತಿಂಗಳ ಆಗಾಕ ಬಂತ ನೋಡ.”

“ಮೊದಲನೇದಲ್ರಿ?”

“ಹೂಂ, ಮೊದಲನೇದ.”

“ತ್ರಾಸ ಏನರೆ ಆಗತೈತೇನ್ರಿ?”

“ತ್ರಾಸ ಅಂದ್ರ, ಆ ಟಂಟಂನ್ಯಾಗ ಎತ್ತಿ ಒಗೀತಾನ ನೋಡ, ಜೀವಾ ಬಾಯಿಗೆ ಬರತೈತಿ.”

ಗಂಗವ್ವ ಸೌಟು ಕೆಳಗಿಟ್ಟಳು. ಅವತ್ತು ಸಂಜೆ ಟಂಟಂ ಡ್ರೈವರು ತನ್ನ ಪಕ್ಕದ ಮುಂದಿನ ಸೀಟನ್ನು ಒರೆಸಿ ನನಗೆ ಬಿಟ್ಟುಕೊಟ್ಟ, ತಗ್ಗು ಬಂದಲ್ಲೆಲ್ಲ ಗಾಡಿಯನ್ನು ನಿಲ್ಲಿಸಿ ನಿಲ್ಲಿಸಿ ಮೆಲ್ಲಗೆ ಇಳಿಸಿದ. ಎಂಥ ಮರ್ಯಾದಸ್ಥ ಊರು ಅಂತ ನಾನು ಉಬ್ಬಿದೆ.

ಶನಿವಾರ ಅರ್ಧ ದಿನದ ಶಾಲೆ. ಜಿಟಿಜಿಟಿ ಮಳೆ, ಹೊಲಕ್ಕೆ ಯಾರೂ ಹೋಗಿರಲಿಲ್ಲ. ಮಕ್ಕಳನ್ನು ಬಿಡುವ ಹೊತ್ತಿಗೆ ಹೆಂಗಸರ ಗುಂಪೊಂದು ತಲೆಯ ಮೇಲೆ ಬುತ್ತಿ ಗಂಟು ಹೊತ್ತು, ಕೊಡೆ ಹಿಡಿದು ಶಾಲೆಯ ಅಂಗಳಕ್ಕೆ ಬಂದಿತು. ಮುಂದೆ ರೇಣುಕಾಳ ಅಜ್ಜಿ ನಿಂಗವ್ವ. ಊರಲ್ಲಿ ಅವಳ ಕೈಯ ಕೌದಿ ಹೊದೆಯದೆ ಬೆಳೆದವರಿಲ್ಲ, ಅವಳ ಬಾಯಿಗೆ ಹೆದರದೆ ಬೆಳೆದವರೂ ಇಲ್ಲ.

“ಕುಂದರ್ರಿ ಅಕ್ಕೋರ, ಪೂರ್ವಕ್ಕ ಮಾರಿ ಮಾಡಿ ಕುಂದರ್ರಿ,” ಅಂದಳು. ಕೂತೆ. ಯಾರೋ ಸೆರಗಿನ ಉಡಿಗೆ ಅಕ್ಕಿ ಹಾಕಿದರು, ಯಾರೋ ತಲೆಗೆ ಮಲ್ಲಿಗೆ ಮುಡಿಸಿದರು. ಬುತ್ತಿ ಬಿಚ್ಚಿದರು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಮೊಸರನ್ನ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ. ನನಗೆ ಬಾಯಲ್ಲಿ ನೀರು.

“ಇದೇನ್ರಿ ನಿಂಗವ್ವಾಯಿ, ಹಬ್ಬ ಏನು?”

“ಹಬ್ಬನ ಮತ್ತ. ಬಯಕಿ ಬುತ್ತಿ. ತವರಮನಿ ದೂರ ಐತಿ ಅಂತ ನಾವು ಸುಮ್ನ ಕುಂದ್ರಾಕ ಆಗತೈತೇನು? ಹುಳಿ ತಿನ್ನು ಅನ್ನಸ್ತೈತೋ, ಸಿಹಿ ತಿನ್ನು ಅನ್ನಸ್ತೈತೋ?”

ನನಗೆ ಎಲ್ಲವೂ ಒಮ್ಮೆಲೇ ಹೊಳೆಯಿತು. ಕುಂಕುಮ, ಎರಡು ತಿಂಗಳು, ಟಂಟಂ ಸೀಟು! ಮುಖ ಬೆಂಕಿಯಾಯಿತು. “ಅಯ್ಯೋ ಇಲ್ಲಬೇ! ನನಗಲ್ಲ! ಸಾಲಿ ಹುಡುಗ್ರಿಗೆ! ಫರಸಿ ತಣ್ಣಗ ಐತಿ ಅಂತ!” ಅಂತ ತೊದಲಿದೆ. ಗಂಗವ್ವ ಮೊದಲು ಫಕ್ಕನೆ ನಕ್ಕಳು, ಆಮೇಲೆ ಎಲ್ಲರೂ, ಆಮೇಲೆ ನಾನೂ. ನಕ್ಕು ನಕ್ಕು ಉಡಿಯ ಅಕ್ಕಿ ಚೆಲ್ಲಿತು. “ಎರಡ ತಿಂಗಳಾತು ಅಂದ್ರೆಲ್ರಿ!” “ನೌಕರಿಗೆ ಎರಡ ತಿಂಗಳ!” ಮತ್ತೆ ನಗು.

ನಗೆಯ ನಡುವೆ ಫೋನು ಬಂತು, ಅವ್ವಂದು. ಕಿತ್ತೂರಿನ ಸಂತೆಯಲ್ಲಿ ಯಾರೋ ಯಾರಿಗೋ ಹೇಳಿ, ಸುದ್ದಿ ಮುನವಳ್ಳಿ ಮುಟ್ಟಿತ್ತು. “ಹಡದವ್ವಗ ಹೇಳೂದ ಬಿಟ್ಟ ಊರಿಗೆಲ್ಲಾ ಹೇಳೀಯೇನ?” ಅಂತ ಸಂತೋಷಕ್ಕೆ ಅಳುತ್ತಿದ್ದಳು. ಅವಳಿಗೆ ಇಲ್ಲ ಅನ್ನುವಾಗ ಮಾತ್ರ ನಾನು ಹೆಂಗಸರಿಗೆ ಬೆನ್ನು ತಿರುಗಿಸಿದೆ. ಆ ಹೊತ್ತು ಆ ಸುದ್ದಿ ನಿಜವಾಗಿದ್ದರೆ ಎಷ್ಟು ಚೆನ್ನ ಅನ್ನಿಸಿದ್ದು ಸುಳ್ಳಲ್ಲ.

ಫೋನು ಇಟ್ಟ ಮೇಲೆ ನಾನು ಸೀರೆಗಳ ರಾಶಿ ತೋರಿಸಿ, “ಇವನ್ನೆಲ್ಲಾ ಹೊಳ್ಳಿ ಒಯ್ರಿ, ನನ್ನಿಂದ ತಪ್ಪಾತು” ಅಂದೆ. ನಿಂಗವ್ವ ನನ್ನನ್ನೇ ಗದರಿದಳು.

“ಏನ ಮಾತಂತ ಆಡತೀರಿ? ಕೂಸಿಗಂತ ಕೊಟ್ಟ ಸೀರಿ ಹೊಳ್ಳಿ ಮನಿಗೆ ಒಯ್ಯಾಕ ಬರೂದಿಲ್ಲ. ಇಲ್ಲೇನ ಕೂಸಿಗೆ ಬರಗಾಲೇನು? ಎಲ್ಲಿ ಐತಿ ನಿಮ್ಮ ಫರಸಿ, ತೋರಸ್ರಿ.”

ಬುತ್ತಿಯನ್ನು ಆ ನೀಲಿ ಖೋಲಿಯಲ್ಲೇ ಕುಳಿತು ಉಂಡೆವು. ಬಯಕೆ ಇಲ್ಲದಿದ್ದರೂ ಆ ಎಣ್ಣೆಗಾಯಿಯನ್ನು ನಾನು ಬಸುರಿಯ ಹಾಗೆಯೇ ತಿಂದೆ. ಉಂಡು ಕೈತೊಳೆದ ನಿಂಗವ್ವ ಸೊಂಟದ ಸಂಚಿಯಿಂದ ಸೂಜಿ ತೆಗೆದಳು.

ಅಲ್ಲಿಂದ ಮಳೆ ಹಿಡಿದ ದಿನವೆಲ್ಲ ಹೆಂಗಸರು ಶಾಲೆಗೆ ಬರತೊಡಗಿದರು. ಕೌದಿಯ ನಾಲ್ಕೂ ಅಂಚಿಗೆ ಕುಳಿತು, ಸುತ್ತಲಿಂದ ಹೊಲಿಯುತ್ತ ಹೊಲಿಯುತ್ತ ನಡುವಿಗೆ ಸರಿಯುತ್ತ ಬರುವುದು ನಮ್ಮ ಕಡೆಯ ಪದ್ಧತಿ. ಖೋಲಿ ತುಂಬ ಮಾತು, ನಗು, ಚಹಾ. ಗಂಡಂದಿರ ಮಾನ ಮರ್ಯಾದೆಯೆಲ್ಲ ಆ ಕೌದಿಯೊಳಗೆ ಹೊಲಿಗೆಯಾಯಿತು. ಅವ್ವ ಒಳಗಿದ್ದಾಳೆ ಅಂತ ಮಕ್ಕಳು ಬಾಗಿಲಿಗೆ ಬಂದು ಇಣುಕುತ್ತಿದ್ದವು. “ಅದು ನಮ್ಮವ್ವನ ಸೀರಿ!” “ಆ ಹಸರು ನಮ್ಮ ಕಾಕೂಂದು!” ಕೆಲವು ಧೈರ್ಯ ಮಾಡಿ ಒಳಗೆ ಬಂದು ಅವ್ವನ ಬೆನ್ನಿಗೆ ಅಂಟಿ ಕೂತು, ಅವ್ವ ಎದ್ದರೆ ತಾವೂ ಎದ್ದು ಓಡುತ್ತಿದ್ದವು. ರೇಣುಕಾ ಅಜ್ಜಿ ಕರೆದರೂ ಬರಲಿಲ್ಲ. ಅವಳು ಬರದಿದ್ದರೆ ಉಳಿದವೂ ನಿಲ್ಲುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು, ಮಕ್ಕಳ ಗುಂಪಿಗೆ ಅವಳೇ ಗೌಡತಿ.

ಪಂಚಮಿ ಸೂಟಿಯ ಹಿಂದಿನ ದಿನ ಬಂದೇ ಬಿಟ್ಟಿತು. ಊರ ತುಂಬ ಉಂಡೆ ಕಟ್ಟುವ ವಾಸನೆ, ಬೇವಿನ ಮರಕ್ಕೆ ಜೋಕಾಲಿ. ಮಕ್ಕಳ ಕಿಸೆಯಲ್ಲೆಲ್ಲ ಹುರಿದ ಜೋಳದ ಅಳ್ಳು. ಕೌದಿ ಮುಗಿದಿತ್ತು, ನಡುವೆ ಅಂಗೈ ಅಗಲದ ಜಾಗ ಮಾತ್ರ ಬಾಯಿ ತೆರೆದುಕೊಂಡಿತ್ತು. ಅಂಗಳದಲ್ಲಿ ಹೊಸಮನಿ ಸರ್ ಅಕ್ಕಿ ಚೀಲ ಹೊರಲು ಆಳಿಗೆ ಹೇಳಿ ಕಳಿಸುತ್ತಿದ್ದದ್ದು ಕೇಳಿಸಿತು.

“ಅದನ್ನೂ ಹೊಲದ ಬಿಡ್ರಿ ಆಯಿ, ಹೊತ್ತಾತು,” ಅಂದೆ.

“ಹೆಂಗ ಹೊಲೀಲಿ? ಇನ್ನ ಹೊಟ್ಟಿ ತುಂಬಿಸಿಲ್ಲ.” ನಿಂಗವ್ವ ಸೆರಗಿನ ಗಂಟಿನಿಂದ ಶೇಂಗಾ ಹೋಳಿಗೆಯ ಒಂದು ಚೂರು ತೆಗೆದಳು. ಕೌದಿ ಮುಗಿಸುವ ಮುಂಚೆ ಅದರ ನಡುವೆ ಒಂದು ತುತ್ತು ಸಿಹಿ ಇಟ್ಟು ಹೊಲಿಯುವುದು ಹಳೆಯ ರೂಢಿ. ನಮ್ಮವ್ವನೂ ಮಾಡುತ್ತಿದ್ದಳು, ನಾನು ಮರೆತಿದ್ದೆ.

“ಇರುವಿ ಬರತಾವಲ್ಲಬೇ!”

“ಬರಲಿ. ಅವಕ್ಕೂ ಸಾಲಿ ಬ್ಯಾಡೇನು? ಹಸದ ಕೌದಿ ಮ್ಯಾಲ ಹುಡುಗ್ರನ್ನ ಕುಂಡರಸಬಾರ್ದ್ರಿ.”

ಬಾಗಿಲಲ್ಲಿ ನಿಂತಿದ್ದ ರೇಣುಕಾಳ ಕಿವಿ ನೆಟ್ಟಗಾಯಿತು.

“ಹಸದೈತೇನ ಆಯಿ ಅದು?”

“ಹೂಂ ಮತ್ತ. ಇಷ್ಟ ದಿನ ಉಣಲಾರದ ಕುಂತೈತಿ.”

“ಉಂಡ ಮ್ಯಾಲ ಏನ ಮಾಡತೈತಿ?”

“ಉಂಡ ಮ್ಯಾಲ ನಿಮ್ಮಜ್ಜ ಏನ ಮಾಡತಾನ? ಮಲಗತೈತಿ.”

ರೇಣುಕಾ ಒಂದು ಗಳಿಗೆ ಯೋಚನೆ ಮಾಡಿದಳು. ಕಿಸೆಗೆ ಕೈ ಹಾಕಿ ಅರ್ಧ ತಿಂದಿದ್ದ ಬೇಸನ್ ಉಂಡೆ ತೆಗೆದಳು. ಅದನ್ನೇ ನೋಡುತ್ತ ನಿಂತಳು, ಮನಸ್ಸಿಲ್ಲದೆ. ಆಮೇಲೆ ಹೊಸ್ತಿಲು ದಾಟಿದಳು! ಯಾರ ಕೈಯನ್ನೂ ಹಿಡಿಯದೆ, ಕೌದಿಯ ಮೇಲೆ ಕಾಲಿಟ್ಟು ನಡುಮಧ್ಯದವರೆಗೆ ನಡೆದು, ಕುಕ್ಕರಗಾಲಲ್ಲಿ ಕುಳಿತು ಉಂಡೆಯನ್ನು ಆ ಬಾಯಿಗೆ ತುರುಕಿದಳು. ಹೆಂಗಸರ ಸೂಜಿಗಳು ನಿಂತಿದ್ದವು.

“ತಿನ್ನ,” ಅಂದಳು ಅದಕ್ಕೆ. “ಲಗೂ ತಿನ್ನ.”

ಅಷ್ಟೇ ಸಾಕಾಯಿತು. ಹೊರಗಿದ್ದ ಮಕ್ಕಳೆಲ್ಲ ಕೋಡಿ ಹರಿದಂತೆ ಒಳನುಗ್ಗಿದವು. ಅಳ್ಳು, ತಂಬಿಟ್ಟು, ಬೆಲ್ಲದ ಚೂರು, ಯಾರೋ ಒಬ್ಬ ಚೀಪಿದ್ದ ಪೆಪ್ಪರ್‌ಮೆಂಟು. “ಸಾಕ ಬಿಡ್ರ್ಯೋ, ಅಜೀರ್ಣ ಆದೀತು!” ಅಂತ ನಿಂಗವ್ವ ಕೈ ಅಡ್ಡ ಹಿಡಿದು, ಜಾಸ್ತಿಯಾದದ್ದನ್ನು ಮೆಲ್ಲಗೆ ತನ್ನ ಉಡಿಗೆ ಜಾರಿಸಿ, ಕೆಂಪು ತುಂಡು ಹಾಕಿ ಹೊಲಿದೇ ಬಿಟ್ಟಳು. ರೇಣುಕಾ ಅದರ ಮೇಲೆ ಕಿವಿ ಇಟ್ಟು ಮಲಗಿ ಆಲಿಸಿದಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದೆವು.

“ಸಪ್ಪಳಾ ಇಲ್ಲ,” ಅಂದಳು. “ಹೊಟ್ಟಿ ತುಂಬೇತಿ. ಮಲಗೇತಿ. ಇನ್ನ ನಮ್ಮನ್ನ ತಿನ್ನೂದಿಲ್ಲ.”

ಮಕ್ಕಳು ಸಾಲಾಗಿ ಅವಳ ಪಕ್ಕ ಮಲಗಿದವು, ಕೆಳಗೆ ಅವ್ವಂದಿರ ಸೀರೆ, ಮೇಲೆ ಗಾಜಿನ ಹಂಚಿನ ಬೆಳಕು. ಆ ಹೊತ್ತಿಗೆ ಹೊಸಮನಿ ಸರ್ ಆಳನ್ನು ಕರೆದುಕೊಂಡು ಬಾಗಿಲಿಗೆ ಬಂದರು. “ಏನ್ರಿ ಟೀಚರ, ಏನಾತು?” ಅಂತ ದೊಡ್ಡ ದನಿಯಲ್ಲಿ ಕೇಳಿದರು. ಒಳಗಿನಿಂದ ಎಲ್ಲ ಮಕ್ಕಳೂ ಒಟ್ಟಿಗೆ ತುಟಿಯ ಮೇಲೆ ಬೆರಳಿಟ್ಟು “ಶ್!” ಅಂದವು.

“ಸಾವಕಾಶ ಮಾತಾಡ್ರಿ ಸರ್,” ಅಂದಳು ರೇಣುಕಾ, “ಖೋಲಿ ಮಲಗೇತಿ.”

ಸರ್ ಕನ್ನಡಕ ಹಣೆಗೇರಿಸಿದರು. ಗಿಳಿಗಳನ್ನು ನೋಡಿದರು, ಕೌದಿಯನ್ನು ನೋಡಿದರು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದ ನನ್ನನ್ನು ನೋಡಿದರು. ಚಪ್ಪಲಿ ಬಿಟ್ಟು ತುದಿಗಾಲಲ್ಲಿ ಹಿಂದೆ ಸರಿದು, ಆಳಿನ ಕಿವಿಯಲ್ಲಿ ಏನೋ ಹೇಳಿ ಕಳಿಸಿದರು. “ಅಕ್ಕಿಗೆ ಬ್ಯಾರೆ ಜಾಗಾ ನೋಡತೇನಿ” ಅಂದರು ನನಗೆ, ಅದೂ ಪಿಸುಮಾತಿನಲ್ಲಿ.

ಪಂಚಮಿಗೆ ತವರಿಗೆ ಹೋದೆ. ಅವ್ವ ಉಂಡೆ ಕಟ್ಟಿ ಕೊಟ್ಟಳು, ಗೆಳತಿಯರು ಜೋಕಾಲಿ ಜೀಕಿದರು, ಊರೆಲ್ಲ ನನ್ನ ಎರಡು ತಿಂಗಳ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ಮನಸ್ಸು ಮಾತ್ರ ಆ ಖೋಲಿಯಲ್ಲಿ. ಅವತ್ತು ಅವ್ವಂದಿರು ಇದ್ದರು, ಅಜ್ಜಿ ಇದ್ದಳು, ಹಬ್ಬದ ಗುಂಗು ಇತ್ತು. ನಾನೊಬ್ಬಳೇ ಇರುವ ದಿನ ಒಳಗೆ ಬರುತ್ತವೋ ಇಲ್ಲವೋ? ಸೂಟಿಯಲ್ಲಿ ದೊಡ್ಡ ಹುಡುಗರು ಮತ್ತೇನಾದರೂ ಹೊಸ ಕಥೆ ಕಟ್ಟಿದ್ದರೆ?

ಸೂಟಿ ಮುಗಿಸಿ ಬರುವ ದಿನ ಮುನವಳ್ಳಿಯ ಬಸ್ಸು ತಡವಾಯಿತು. ಟಂಟಂ ಡ್ರೈವರು ಈಗ ನಿಜ ತಿಳಿದವನಾದ್ದರಿಂದ ತಗ್ಗಿಗೂ ಬ್ರೇಕು ಹಾಕದೆ ಓಡಿಸಿದ. ಗೇಟಿನ ಹತ್ತಿರ ಇಳಿದವಳೇ ಓಡಿದೆ. ಪಡಸಾಲೆ ಖಾಲಿ. ಒಂದೂ ಮಗು ಇಲ್ಲ. ನನ್ನ ಕಾಲು ಅಲ್ಲೇ ನಿಂತವು. ಬಂದೇ ಇಲ್ಲವೇ ಅಂದುಕೊಳ್ಳುವಷ್ಟರಲ್ಲಿ ಹಿಂದಿನ ಮೂಲೆಯಿಂದ ದಬದಬ ಬಾಗಿಲು ಬಡಿಯುವ ಸದ್ದು ಕೇಳಿಸಿತು.

ಮೂಲೆ ತಿರುಗಿದೆ. ನನ್ನ ಒಂದನೇ ತರಗತಿ ಪೂರ್ತಿ ಆ ಮುಚ್ಚಿದ ಬಾಗಿಲಿಗೆ ಅಂಟಿಕೊಂಡಿತ್ತು. ಕೆಲವು ಸಂದಿಯಲ್ಲಿ ಕಣ್ಣಿಟ್ಟಿದ್ದವು, ಕೆಲವು ಬೀಗ ಜಗ್ಗುತ್ತಿದ್ದವು. ನನ್ನನ್ನು ಕಂಡದ್ದೇ ಎಲ್ಲವೂ ಒಟ್ಟಿಗೆ ಬೈಯತೊಡಗಿದವು.

“ಎಷ್ಟೊತ್ತ ಬರೂದ್ರಿ ಅಕ್ಕೋರ? ಲಗೂನ ಕೀಲಿ ತಗೀರಿ!”

ಪರ್ಸಿನಲ್ಲಿ ಕೀಲಿ ಹುಡುಕಿದೆ. ಸಿಗಲೇ ಒಲ್ಲದು. ರೇಣುಕಾ ನನ್ನ ಸೀರೆಯ ನೆರಿಗೆ ಹಿಡಿದು ಜಗ್ಗಿದಳು, ಈ ಸಲ ಬಾಗಿಲ ಕಡೆಗೆ.

“ಲಗೂ ಮಾಡ್ರಿ ಅಕ್ಕೋರ. ಅದು ಈಗ ಎದ್ದಿರತೈತಿ. ನಮ್ಮ ಹಾದಿ ನೋಡಾಕ ಹತ್ತಿರತೈತಿ.”